ಕೈಕೊಂಡಿ ಕತ್ತರಿಸಿದ ಉಬ್ಬಣ್ಣ

ಒಂದು ನಾಡಿತ್ತು. ಅದರ ಹೆಸರು ಮೈನಾಡು. ಎಲ್ಲಿದೆ ಎಂದು ಕೇಳಬೇಡಿ ಮಕ್ಕಳೇ, ದೂರವೇನಿಲ್ಲ. ನಿಮ್ಮ ಅಂಗಿಯ ಗುಂಡಿಯಿಂದ ಒಳಗೆ ಎರಡು ಬೆರಳು ನಡೆದರೆ ಅದರ ಗಡಿ ಸಿಗುತ್ತದೆ.

ಆ ನಾಡಿಗೆ ಒಬ್ಬ ಅರಸ. ಮೇಲೆ, ತಲೆಯೆಂಬ ಉಪ್ಪರಿಗೆಯಲ್ಲಿ ಕೂತಿರುತ್ತಿದ್ದ. ನಾನು ಉಂಡೆ ಅನ್ನುತ್ತಿದ್ದ. ನಾನು ನಡೆದೆ ಅನ್ನುತ್ತಿದ್ದ. ನಾನು ಗೆದ್ದೆ ಅನ್ನುತ್ತಿದ್ದ. ಅವನ ನಾಡಿನಲ್ಲಿ ಕೋಟಿ ಕೋಟಿ ಪ್ರಜೆಗಳು. ಒಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಪ್ರಜೆಗಳಿಗೆ ಅದರ ಬೇಸರವೂ ಇರಲಿಲ್ಲ. ಅವರಿಗೆ ಕೆಲಸವಿತ್ತು.

ಈ ಕಥೆ ಅರಸನದ್ದಲ್ಲ. ಕರುಳುಕೇರಿಯದ್ದು.

ಕರುಳುಕೇರಿ ಬಲು ಉದ್ದದ ಕೇರಿ. ಒಂದೇ ಸಾಲು ಮನೆ. ಮುಂದೆ ಅನ್ನದ ಹೊಳೆ. ಬೆಳಿಗ್ಗೆ ಅದರಲ್ಲಿ ಗಂಜಿ ಹರಿದು ಬರುತ್ತಿತ್ತು, ಮಧ್ಯಾಹ್ನ ಮುದ್ದೆ ಬಸ್ಸಾರು, ಸಂಜೆಗೆ ಒಂದೆರಡು ಬಾಳೆಹಣ್ಣು. ಮನೆಗಳ ಅಡಿಯಲ್ಲಿ ಬಿಗಿಯಾಗಿ ನೇಯ್ದ ಒಂದು ಹಾಸು. ಹಾಸಿನ ಕೆಳಗೆ ಬಯಲು. ಬಯಲಿನಾಚೆ ಕೆಂಪು ಹೊಳೆ. ಜೀವಕೋಶ ಎಂದು ನೀವು ಶಾಲೆಯಲ್ಲಿ ಓದುತ್ತೀರಲ್ಲ, ಅವರೇ ಇಲ್ಲಿನ ಜನ. ಅನ್ನದ ಹೊಳೆಯಿಂದ ಸಾರವನ್ನು ಮೊಗೆದು ಕೆಂಪು ಹೊಳೆಗೆ ಸುರಿಯುವುದು ಅವರ ಕಸುಬು. ಅವರು ಒಂದು ಹೊತ್ತು ಕೈಕಟ್ಟಿ ಕೂತರೆ ಅರಸನ ಕೈಕಾಲು ನಡುಗುತ್ತಿತ್ತು.

ಆ ಕೇರಿಗೆ ಮೂರು ಕಟ್ಟಳೆ.

ಮೊದಲನೆಯದು, ಕೈ. ಪ್ರತಿಯೊಬ್ಬರ ಕೈಯಲ್ಲೂ ಒಂದು ಕೊಂಡಿ. ಎಡಗಡೆಯವರ ಕೊಂಡಿಗೆ ಒಂದು, ಬಲಗಡೆಯವರ ಕೊಂಡಿಗೆ ಒಂದು. ಉಣ್ಣುವಾಗ ಬಿಡುವಂತಿಲ್ಲ. ದುಡಿಯುವಾಗ ಬಿಡುವಂತಿಲ್ಲ. ನಿದ್ದೆಯಲ್ಲೂ ಬಿಡುವಂತಿಲ್ಲ. ಓದಿದವರು ಆ ಕೊಂಡಿಗೆ ಕ್ಯಾಡ್ಹೆರಿನ್ ಎಂದು ಹೆಸರಿಟ್ಟಿದ್ದಾರೆ. ಕೇರಿಯವರು ಕೈಕೊಂಡಿ ಅನ್ನುತ್ತಿದ್ದರು. ಕೊಂಡಿಯ ಪಕ್ಕದಲ್ಲೇ, ಬಾಗಿಲೊಳಗೆ, ಒಬ್ಬ ಓಲೆಕಾರನನ್ನು ಕೂರಿಸಿರುತ್ತಿದ್ದರು. ಕೊಂಡಿ ಬಿಗಿಯಾಗಿರುವ ತನಕ ಅವನು ಕೂತಲ್ಲೇ ಕೂತಿರಬೇಕು. ಪಕ್ಕದವರು ಬಿದ್ದು ಕೊಂಡಿ ಕಳಚಿತೋ, ಅವನು ಒಳಮನೆಗೆ ಓಡಿ, "ಪಕ್ಕದಲ್ಲಿ ಜಾಗ ಖಾಲಿ ಆಯ್ತು, ಬೆಳೀರಿ!" ಎಂದು ಕೂಗಬೇಕು. ಈ ಒಳಮನೆ ಅವರವರ ಮೈಯೊಳಗೇ ಇರುತ್ತಿತ್ತು, ಅದರಲ್ಲಿ ಒಂದು ದೊಡ್ಡ ಹೊತ್ತಿಗೆ. ಬೆಳೆಯುವುದು ಹೇಗೆ, ಕೊಂಡಿ ಮಾಡುವುದು ಹೇಗೆ, ಎಲ್ಲ ಅದರಲ್ಲಿ ಬರೆದಿತ್ತು. ಹೊಸ ಮಗು ಹುಟ್ಟಿ, ಖಾಲಿ ಜಾಗ ತುಂಬಿ, ಕೈಗೆ ಕೈ ಕೂಡಿದ ಮೇಲೆ ಓಲೆಕಾರ ಮತ್ತೆ ಬಂದು ಕೂರುತ್ತಿದ್ದ.

ಎರಡನೆಯದು, ಕಾಲು. ಪ್ರತಿಯೊಬ್ಬರ ಪಾದಕ್ಕೂ ಬೇರು. ಆ ಬೇರು ಹಾಸಿನಲ್ಲಿ ಊರಿರಬೇಕು. ಪುಸ್ತಕಗಳಲ್ಲಿ ಅದಕ್ಕೆ ಇಂಟೆಗ್ರಿನ್ ಎಂದು ಹೆಸರು. ಒಳಮನೆಯ ದೀಪ ಆಗಾಗ ಕಾಲನ್ನು ಕೇಳುತ್ತಿತ್ತು: "ನೆಲ ಇದೆಯಾ?" ಕಾಲು ಹೇಳುತ್ತಿತ್ತು: "ಇದೆ." ಹೇಳಿದರೆ ದೀಪ ಉರಿಯುತ್ತಿತ್ತು. ಉತ್ತರ ಬರದಿದ್ದರೆ ದೀಪ ತಾನಾಗಿ ಆರುತ್ತಿತ್ತು. ನೆಲ ತಪ್ಪಿದವರು ಬದುಕಿ ಊರಿಗೆ ಹೊರೆಯಾಗಬಾರದು, ಅಷ್ಟೆ.

ಮೂರನೆಯದು, ಬೀಳ್ಕೊಡುಗೆ. ಕರುಳುಕೇರಿಯವರ ಆಯಸ್ಸು ಐದು ದಿನ. ಅಯ್ಯೋ ಅನ್ನಬೇಡಿ. ಅವರ ಐದು ದಿನ ಅಂದರೆ ನಮ್ಮ ನೂರು ವರ್ಷ. ಐದನೆಯ ದಿನ ಎಡದವರೂ ಬಲದವರೂ ಹೋಗುವವರ ಕಾಲಿನ ಕೆಳಗೆ ಕೈ ಚಾಚುತ್ತಿದ್ದರು. ಕೆಳಗಡೆ ಅವರ ಕೈಗಳು ಒಂದಾಗುತ್ತಿದ್ದವು. ಮೆಲ್ಲಗೆ ಎತ್ತುತ್ತಿದ್ದರು. ಹೋಗುವವರು ಅನ್ನದ ಹೊಳೆಗೆ ಜಾರುತ್ತಿದ್ದರು. ಅವರು ಜಾರುವ ಮೊದಲೇ ಕೆಳಗೆ ಕೊಂಡಿ ಕೂಡಿರುತ್ತಿತ್ತು. ಸಾಲಿನಲ್ಲಿ ಕೂದಲೆಳೆಯಷ್ಟು ಬಿರುಕೂ ಬಿಡುತ್ತಿರಲಿಲ್ಲ.

"ನಮ್ಮ ಕೇರೀಲಿ ದಿನಾ ಸಾವಿರಾರು ಜನ ಹೋಗ್ತಾರೆ, ಒಂದು ದಿನಾನೂ ಸಾಲು ಮುರಿದಿಲ್ಲ," ಎಂದು ಮುದುಕರು ಹೇಳುತ್ತಿದ್ದರು. ಹೇಳುವಾಗ ಅವರ ಎದೆ ಉಬ್ಬುತ್ತಿತ್ತು. ಉಬ್ಬಬೇಕಾದ್ದೇ.

ಆದರೆ ಹೆಮ್ಮೆಗೆ ಒಂದು ಕುರುಡು ಇರುತ್ತದೆ. ಆ ಕೇರಿಯಲ್ಲಿ ಯಾರನ್ನಾದರೂ "ನಿನ್ನ ಕೈ ಗಟ್ಟಿಯಾಗಿದೆಯಾ?" ಎಂದು ಕೇಳುವುದು ದೊಡ್ಡ ಬೈಗುಳವಾಗಿತ್ತು. ಅದಕ್ಕಿಂತ ಕೀಳಾದ ಮಾತು ಅವರ ಬಾಯಲ್ಲಿ ಇರಲಿಲ್ಲ. ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಇಂಥ ಕೇರಿಯಲ್ಲಿ ಉಬ್ಬಣ್ಣ ಎಂಬುವನಿದ್ದ. ಅವನ ಬಲಕ್ಕೆ ಸಂಕವ್ವ, ಎಡಕ್ಕೆ ಜವರಯ್ಯ. ಸಂಕವ್ವನಿಗೆ ಎರಡು ದಿನ ತುಂಬಿತ್ತು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಜವರಯ್ಯ ಇನ್ನೂ ಒಂದು ದಿನದವನು, ಸಂಕೋಚದ ಮನುಷ್ಯ. ಉಬ್ಬಣ್ಣನಿಗೆ ಐದನೆಯ ದಿನ ಬಂತು.

ಬೆಳಿಗ್ಗೆ ಇಬ್ಬರೂ ಕೆಳಗೆ ಕೈ ಚಾಚಿದರು. "ಉಬ್ಬಣ್ಣ, ಹೊತ್ತಾಯ್ತು," ಎಂದಳು ಸಂಕವ್ವ.

"ಗಂಜಿ ಬರೋ ಹೊತ್ತು ಕಣವ್ವ. ಕುಡ್ಕೊಂಡು ಹೋಗ್ತೀನಿ."

ಮಧ್ಯಾಹ್ನ ಮತ್ತೆ ಚಾಚಿದರು. "ಉಬ್ಬಣ್ಣ, ಹೊತ್ತಾಯ್ತು."

"ಇವತ್ತು ಅವರೆಕಾಳು ಬಸ್ಸಾರಂತೆ. ವಾಸನೆ ಬತ್ತಾ ಇದೆ. ಒಂದು ತುತ್ತು!"

ಸಂಜೆ ಮೂರನೆಯ ಸಲ ಚಾಚಿದರು. "ಉಬ್ಬಣ್ಣ, ಹೊತ್ತು ಮುಳುಗ್ತಾ ಬಂತು."

"ಯಾಕಮ್ಮ ಇಷ್ಟು ಅವಸರ? ನನ್ನ ಜಾಗದ ಮೇಲೆ ನಿನ್ನ ಕಣ್ಣಾ?"

ಸಂಕವ್ವ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಯಾರನ್ನೂ ಬಲವಂತವಾಗಿ ಎತ್ತಿದ ವಾಡಿಕೆ ಕೇರಿಯಲ್ಲಿ ಇರಲಿಲ್ಲ. ಇದುವರೆಗೆ ಯಾರೂ ಒಲ್ಲೆ ಅಂದಿರಲೂ ಇಲ್ಲ.

ಉಬ್ಬಣ್ಣ ಕೂತು ಯೋಚಿಸಿದ. ದುಡಿಯೋದು ನಾನು. ಸಾರ ಹೋಗೋದು ಕೆಂಪು ಹೊಳೆಗೆ. ಐದು ದಿನಕ್ಕೆ ನಾನೂ ಹೋಗಬೇಕು. ನನ್ನನ್ನು ಇಲ್ಲಿ ಕಟ್ಟಿಹಾಕಿರೋದು ಏನು? ಈ ಕೊಂಡಿ ತಾನೇ?

ಅವನು ಒಳಮನೆಗೆ ಹೋದ. ಹೊತ್ತಿಗೆ ತೆಗೆದ. ಕೊಂಡಿ ಮಾಡುವ ವಿದ್ಯೆಯಿದ್ದ ಹಾಳೆಯನ್ನು ಹುಡುಕಿದ. ಅದನ್ನು ಹರಿಯಲಿಲ್ಲ. ಎರಡು ಹಾಳೆಗಳ ನಡುವೆ ಅಂಟು ಹಚ್ಚಿ ಮುಚ್ಚಿದ. ಆಮೇಲೆ ಹೊರಗೆ ಬಂದು ಕತ್ತರಿ ತೆಗೆದುಕೊಂಡ.

ಮೊದಲು ಜವರಯ್ಯನ ಕಡೆ ಒಂದು ಬೆರಳು ಸಡಿಲಿಸಿದ. ಜವರಯ್ಯನಿಗೆ ಗೊತ್ತಾಯಿತು. ವಯಸ್ಸಾಯಿತಲ್ಲ ಪಾಪ, ಅಂದುಕೊಂಡ. ಸುಮ್ಮನಾದ.

ಆಮೇಲೆ ಎರಡು ಬೆರಳು ಸಡಿಲಿಸಿದ. ಜವರಯ್ಯನಿಗೆ ಗೊತ್ತಾಯಿತು. ಕೇಳಿದರೆ ನೊಂದ್ಕೋತಾನೆ, ಅಂದುಕೊಂಡ. ಸುಮ್ಮನಾದ.

ಮೂರನೆಯ ಸಲ ಉಬ್ಬಣ್ಣ ಮಣಿಕಟ್ಟಿನ ಹತ್ತಿರ ಕೊಂಡಿಯನ್ನೇ ಕತ್ತರಿಸಿದ. ಕತ್ತರಿಸಿದ ಕೊಂಡಿಯನ್ನು ಜವರಯ್ಯನ ಕೈಯಲ್ಲೇ ಬಿಟ್ಟ. ಜವರಯ್ಯ ಹಿಡಿದೇ ಇದ್ದ. ಅವನು ಹಿಡಿದದ್ದು ಬರೀ ಕೊಂಡಿ. ಅದರ ಹಿಂದೆ ಯಾರೂ ಇರಲಿಲ್ಲ.

ಕೊಂಡಿ ಹೋದದ್ದೇ ಓಲೆಕಾರ ಎದ್ದ. ಒಳಮನೆಗೆ ಓಡಿದ. "ಪಕ್ಕದಲ್ಲಿ ಜಾಗ ಖಾಲಿ ಆಯ್ತು, ಬೆಳೀರಿ!" ಎಂದು ಕೂಗಿದ. ಪಕ್ಕದಲ್ಲಿ ಜಾಗ ಖಾಲಿಯಾಗಿರಲಿಲ್ಲ. ಆದರೆ ಓಲೆಕಾರನಿಗೆ ಕಣ್ಣಿಲ್ಲ, ಕೊಂಡಿಯ ಬಿಗಿ ಒಂದೇ ಅವನಿಗೆ ತಿಳಿಯುವುದು. ಒಂದು ಮಗು ಹುಟ್ಟಿತು. ಕೂಗು ನಿಲ್ಲಲಿಲ್ಲ. ಎರಡಾಯಿತು, ನಾಲ್ಕಾಯಿತು, ನೂರಾಯಿತು, ಸಾವಿರ ದಾಟಿತು. ಒಂದು ಮಗುವಿಗೂ ಕೈಯಲ್ಲಿ ಕೊಂಡಿಯಿಲ್ಲ. ಹಾಳೆ ಅಂಟಿತ್ತಲ್ಲ! ಮನೆ ಗಡಿಗೆಯಂತೆ ಉಬ್ಬಿತು.

ಈಗ ಸಂಕವ್ವನ ಕಡೆ ಕೈ ಹಾಕಿದ. ಒಂದು ಬೆರಳು ಸಡಿಲಿಸಿದ್ದೇ ತಡ, ಸಂಕವ್ವ ಗಕ್ಕನೆ ತಿರುಗಿದಳು.

"ಉಬ್ಬಣ್ಣ, ಕೈ ಗಟ್ಟಿಯಾಗಿದೆಯೇನಪ್ಪಾ?"

ಕೇರಿಯೇ ಬೆಚ್ಚಿತು. ಹತ್ತು ಮನೆಯಾಚೆಯಿಂದ ಒಬ್ಬ ಮುದುಕ, "ಏ ಸಂಕಿ, ನಾಲಿಗೆಗೆ ಮೂಳೆ ಇಲ್ವಾ? ಹಿರೀಕನ್ನ ಹಂಗಾ ಕೇಳೋದು?" ಎಂದು ಗದರಿದ.

ಉಬ್ಬಣ್ಣ ಕಣ್ಣಲ್ಲಿ ನೀರು ತಂದುಕೊಂಡ. "ನೋಡ್ರಪ್ಪಾ, ಐದು ದಿನ ಹಿಡಿದ ಕೈ ಇದು. ಈ ಕೈಗೆ ಈ ಮಾತು!"

"ಅಳೋದು ಆಮೇಲೆ ಅಳೀವಂತೆ, ಮೊದಲು ಹೇಳು," ಎಂದಳು ಸಂಕವ್ವ. "ಗಟ್ಟಿಯಾಗಿದೆಯಾ, ಇಲ್ಲವಾ?"

"ಗಟ್ಟಿ ಕಣೇ, ಕಲ್ಲು!"

"ಹಂಗಾದ್ರೆ ಆ ಕಡೆ ಜವರ ಎಳೆದು ನೋಡ್ಲಿ. ಜವರಾ! ಎಳಿಯೋ!"

"ಬೇಡ ಅಕ್ಕ, ಚೆನ್ನಾಗಿರಲ್ಲ..."

"ಎಳಿಯೋ ಅಂದ್ರೆ!"

ಜವರಯ್ಯ ಕಣ್ಣು ಮುಚ್ಚಿಕೊಂಡು ಎಳೆದ. ಎಳೆದ ರಭಸಕ್ಕೆ ಹಿಂದಕ್ಕೆ ವಾಲಿದ. ಕಣ್ಣು ಬಿಟ್ಟು ನೋಡಿದರೆ ಕೈಯಲ್ಲಿ ಕತ್ತರಿಸಿದ ಕೊಂಡಿ. ಕೊಂಡಿಯನ್ನು ಎತ್ತಿ ಹಿಡಿದು ಕೇರಿಗೆಲ್ಲ ತೋರಿಸಿದ. ಗದರಿದ ಮುದುಕ ತಲೆ ತಗ್ಗಿಸಿದ.

ಅಷ್ಟರಲ್ಲಿ ಉಬ್ಬಣ್ಣ ಸಂಕವ್ವನ ಕಡೆಯ ಕೊಂಡಿಯನ್ನೂ ಕತ್ತರಿಸಿದ. ಕಾಲಿನ ಬೇರು ಕಿತ್ತ. ಕತ್ತರಿಯಿಂದ ಹಾಸನ್ನು ಸೀಳಿದ. ತನ್ನ ಮಕ್ಕಳಲ್ಲಿ ನೂರು ಜನರನ್ನು ಹಿಂದೆ ಕಟ್ಟಿಕೊಂಡು ಕೆಳಗಿನ ಬಯಲಿಗೆ ಧುಮುಕಿದ.

"ಹಿಡೀರೋ!" ಎಂದರು ಜನ.

"ಯಾರೂ ಕೈ ಬಿಡಬೇಡಿ!" ಎಂದು ಸಂಕವ್ವ ಕೂಗಿದಳು. "ಅವನ್ನ ಹಿಡಿಯೋಕೆ ಹೋಗಿ ನಾವು ಕೈ ಬಿಟ್ರೆ, ಅವನಿಗೂ ನಮಗೂ ಏನು ವ್ಯತ್ಯಾಸ? ಜವರಾ, ಕೆಳಗಡೆಯಿಂದ ಕೈ ಚಾಚು."

ಉಬ್ಬಣ್ಣನ ಮನೆಯಲ್ಲಿ ಇನ್ನೂ ಸಾವಿರ ಮಕ್ಕಳು ಗಿಜಿಗುಟ್ಟುತ್ತಿದ್ದವು. ಆ ಮನೆಯ ಅಡಿಯಲ್ಲಿ ಸಂಕವ್ವ ಕೈ ಚಾಚಿದಳು. ಜವರಯ್ಯ ಕೈ ಚಾಚಿದ. ಭಾರಕ್ಕೆ ತೋಳು ಕಿತ್ತುಬರುವಂತಾಯಿತು. ಒಂದು ಸಲ ಚಾಚಿದರು, ಎಟುಕಲಿಲ್ಲ. ಎರಡನೆಯ ಸಲ ಬೆರಳ ತುದಿ ತಾಗಿತು. ಮೂರನೆಯ ಸಲ ಆ ಕಡೆಯ ಹತ್ತು ಮನೆಯವರು ಜವರಯ್ಯನನ್ನು ನೂಕಿದರು, ಈ ಕಡೆಯ ಹತ್ತು ಮನೆಯವರು ಸಂಕವ್ವನನ್ನು ನೂಕಿದರು. ಕೊಂಡಿಗೆ ಕೊಂಡಿ ಕೂತಿತು. ಇಡೀ ಸಾಲು ಒಟ್ಟಿಗೆ ಎತ್ತಿತು. ಉಬ್ಬಿದ ಮನೆ ಮಕ್ಕಳ ಸಮೇತ ಮೇಲೆದ್ದು ಅನ್ನದ ಹೊಳೆಗೆ ಬಿತ್ತು. ಹೊಳೆ ಅದನ್ನು ಹೊತ್ತುಕೊಂಡು ಹೋಯಿತು.

ಉಪ್ಪರಿಗೆಯಲ್ಲಿ ಅರಸ ಒಂದು ತೇಗು ತೇಗಿದ. ಅಷ್ಟೆ. ಅವನಿಗೆ ಅಷ್ಟೇ ತಿಳಿದದ್ದು.

ಸಂಕವ್ವ ಉಸಿರು ಬಿಟ್ಟು ಹೇಳಿದಳು: "ಇವತ್ತಿನಿಂದ ದಿನಾ ಬೆಳಿಗ್ಗೆ ಒಬ್ರನ್ನೊಬ್ರು ಕೇಳಬೇಕು. ಕೈ ಗಟ್ಟಿಯಾಗಿದೆಯಾ ಅಂತ. ಕೇಳಿಸ್ಕೊಂಡೋರು ಕೋಪ ಮಾಡ್ಕೋಬಾರದು." ಯಾರೂ ಎದುರಾಡಲಿಲ್ಲ.

ಆದರೆ ಉಬ್ಬಣ್ಣ ತಪ್ಪಿಸಿಕೊಂಡಿದ್ದ. ಎಲ್ಲಿ ಅವನು ಬೇರು ಬಿಡುತ್ತಾನೋ ಅಲ್ಲಿ ಇನ್ನೊಂದು ಉಬ್ಬಿದ ಮನೆ. ಆ ಊರು ಹಾಳಾದರೆ ಇಡೀ ಮೈನಾಡೇ ಹಾಳು. ಸಂಕವ್ವನಿಗೆ ಅದು ಗೊತ್ತಿತ್ತು. ಅವಳ ನಿದ್ದೆ ಹಾರಿತು.

ಮೈನಾಡಿನಲ್ಲಿ ಬಿಳಿ ರುಮಾಲಿನ ತಳವಾರರಿದ್ದರು. ಊರೂರು ತಿರುಗಿ ಕಾವಲು ಕಾಯುವುದು ಅವರ ಕೆಲಸ. ಹರಿದ ಹಾಸಿನ ವಾಸನೆ ಬಡಿದು ದ್ಯಾವಣ್ಣ ಎಂಬ ತಳವಾರ ಅಲ್ಲಿಗೆ ಬಂದ.

"ಏನವ್ವಾ ಗಲಾಟೆ? ಯಾರು ಓಡಿಹೋದೋರು?"

"ಪಕ್ಕದ ಮನೆ ಉಬ್ಬಣ್ಣ."

"ಗುರುತು ಹೇಳು."

"ಗುರುತು ಏನು ಹೇಳ್ಲಿ? ಧುಮುಕೋವಾಗ್ಲೇ ಬಟ್ಟೆ ಬದಲಾಯಿಸವ್ನೆ. ನಡಿಗೆ ಬದಲಾಯಿಸವ್ನೆ. ಮುಖಾನೂ ಬದಲಾಯಿಸವ್ನೆ."

"ಚೆನ್ನಾಗಿ ಹೇಳ್ದೆ! ಕೆಂಪು ಹೊಳೇಲಿ ಲಕ್ಷಾಂತರ ಜನ ತೇಲ್ತಾರೆ. ಯಾರ ಜುಟ್ಟು ಹಿಡೀಲಿ?"

"ಹೊಳೇಲಿ ಹುಡುಕಬೇಡಪ್ಪ. ಹೊಳೇಲಿ ಯಾರೂ ಮನೆ ಕಟ್ಟಲ್ಲ. ನಮ್ಮ ಕೇರಿ ಕಡೆ ಹೊಳೆ ಮೊದಲು ಹೋಗಿ ಸೇರೋದು ಯಕೃತ್ತಿನೂರಿಗೆ. ಅಲ್ಲಿ ಅವನು ದಡ ಹತ್ತುತಾನೆ. ಕೈ ಬಿಟ್ಟು ಓಡಬಹುದು ದ್ಯಾವಣ್ಣ, ಕೈ ಇಲ್ದೆ ನೆಲೆ ನಿಲ್ಲಕ್ಕಾಗಲ್ಲ. ಎಷ್ಟಾದ್ರೂ ನಮ್ಮ ಕೇರಿ ಹುಟ್ಟು ಅವನು. ಇವತ್ತಲ್ಲ ನಾಳೆ ಯಾರದಾದ್ರೂ ಕೈ ಬೇಕೇ ಬೇಕು. ಅವನು ಕೈ ಚಾಚೋ ಹೊತ್ತಿಗೆ ನಿನ್ನ ಕೈ ಅಲ್ಲಿರಲಿ."

ದ್ಯಾವಣ್ಣ ತನ್ನ ಅಂಗೈ ನೋಡಿಕೊಂಡ. "ನಾನು ಅಲೆಮಾರಿ ತಾಯಿ. ನನ್ನ ಕೈಯಲ್ಲಿ ನಿಮ್ಮಂಥ ಕೊಂಡಿ ಎಲ್ಲಿದೆ? ಹಿಡಿದ್ರೆ ಜಾರಿ ಹೋಗ್ತಾನೆ."

ಆಗ ಜವರಯ್ಯ ಮೊದಲ ಬಾರಿಗೆ ತಾನಾಗಿ ಮಾತಾಡಿದ. "ಅಳತೆ ನನ್ನತ್ರ ಇದೆ," ಎಂದ. ಕತ್ತರಿಸಿದ ಕೊಂಡಿಯನ್ನು ಮುಂದೆ ಚಾಚಿದ.

ದ್ಯಾವಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಅದಕ್ಕೆ ಸರಿಯಾಗಿ ಕೂರುವಂಥ ಇನ್ನೊಂದು ಕೊಂಡಿಯನ್ನು ತನ್ನ ಕೈಗೆ ಮಾಡಿಸಿಕೊಂಡ. ಒಂದು ಸಲ ಹಾಕಿ ನೋಡಿದ. ಕ್ಳಿಕ್ ಎಂದಿತು. ಕೆಂಪು ಹೊಳೆಗೆ ಇಳಿದ.

ಇತ್ತ ಉಬ್ಬಣ್ಣನ ಕಥೆ ಕೇಳಿ.

ತೆವಳಿ ತೆವಳಿ ಎರಡು ದಿನಕ್ಕೆ ಬಯಲು ದಾಟಿದ. ಹೊಳೆಯ ದಡದ ಗೋಡೆಯ ಸಂದಿನಲ್ಲಿ ನುಸುಳಿದ. ಕೆಂಪು ನೀರಿಗೆ ಬಿದ್ದದ್ದೇ ಅವನ ಒಳಮನೆಯ ದೀಪ ಕೇಳಿತು: "ನೆಲ ಇದೆಯಾ?"

ನೆಲ ಎಲ್ಲಿದೆ? ಕಾಲ ಕೆಳಗೆ ನೀರು. ಆದರೆ ಉಬ್ಬಣ್ಣ ಇದಕ್ಕೂ ಸಿದ್ಧನಾಗಿದ್ದ. ಕಾಲಿಗೆ ಒಂದೇ ಮಾತನ್ನು ಬಾಯಿಪಾಠ ಮಾಡಿಸಿದ್ದ. ಕಾಲು ಹೇಳಿತು: "ಇದೆ, ಇದೆ, ಇದೆ." ದೀಪ ನಂಬಿತು. ಉರಿಯುತ್ತಲೇ ಇತ್ತು.

ಮಕ್ಕಳಿಗೂ ಅದನ್ನೇ ಕಲಿಸಿದ್ದ. ಆದರೆ ಹೊಳೆಯ ಸೆಳೆತ ಅಂದರೆ ಸೆಳೆತ. ತಲೆ ಕೆಳಗು, ಕಾಲು ಮೇಲು. ಮೊದಲ ಸುಳಿಯಲ್ಲಿ ಎಪ್ಪತ್ತು ಮಕ್ಕಳು ಪಾಠ ಮರೆತವು, ಅವುಗಳ ದೀಪಗಳು ಆರಿದವು. ಎರಡನೆಯ ಸುಳಿಯಲ್ಲಿ ಇಪ್ಪತ್ತು ಮಕ್ಕಳು ದಡಕ್ಕೆ ಬಡಿದು ಚೂರಾದವು. ಮೂರನೆಯ ಸುಳಿಯಲ್ಲಿ ಉಳಿದ ಹತ್ತನ್ನು ಹೊಳೆಕಾವಲಿನ ತಳವಾರರು ಹಿಡಿದರು. ಉಬ್ಬಣ್ಣ ಮಾತ್ರ ಹೊಳೆಯಲ್ಲಿ ತೇಲುವ, ಗಾಯ ಮುಚ್ಚುವ ಹಕ್ಕಳೆಯ ಚೂರುಗಳನ್ನು ಕಂಬಳಿಯಂತೆ ಹೊದ್ದು ಯಾರ ಕಣ್ಣಿಗೂ ಬೀಳದೆ ಹೋದ.

"ಅಪ್ಪಾ!" ಎಂದು ಕೊನೆಯ ಮಗು ಕೈ ಚಾಚಿತು.

ಉಬ್ಬಣ್ಣ ಹಿಡಿಯಲಿಲ್ಲ. ಹಿಡಿಯಲು ಅವನಿಗೂ ಕೊಂಡಿಯಿರಲಿಲ್ಲ, ಮಗುವಿಗೂ ಇರಲಿಲ್ಲ.

ಯಕೃತ್ತಿನೂರು ಬಂತು. ಅದು ಮೈನಾಡಿನ ಕಣಜ. ಅಲ್ಲಿ ಯಾವ ಹೊತ್ತಿಗೂ ಸಾರ ತುಂಬಿರುತ್ತಿತ್ತು. ಹೊಳೆ ಅಲ್ಲಿ ನಿಧಾನವಾಗುತ್ತಿತ್ತು. ಉಬ್ಬಣ್ಣ ದಡಕ್ಕೆ ಉರುಳಿಕೊಂಡು ಹೋಗಿ ಸಂದಿನಲ್ಲಿ ನುಸುಳಿ ಊರೊಳಗೆ ಬಂದ. ಸುತ್ತ ನೋಡಿ ನಕ್ಕ. "ಇಲ್ಲಿ ಸಾವಿರ ಮನೆ ಕಟ್ತೀನಿ," ಎಂದ.

ಮೊದಲನೆಯ ಮನೆಯ ಬಾಗಿಲು ತಟ್ಟಿದ. "ಅಕ್ಕ, ಒಂದು ಚೂರು ಜಾಗ ಕೊಡಿ."

"ಯಾವೂರಪ್ಪ ನೀನು? ಎಲ್ಲಿ, ಕೈ ಕೊಡು."

ಕೈ ಚಾಚಿದ. ಬೋಳು ಕೈ. ಆಕೆಯ ಕೊಂಡಿಯಿಂದ ಜಾರಿತು. "ಅಯ್ಯೋ, ಇದೇನು ಎಣ್ಣೆ ಸವರಿದ ಕಂಬ ಇದ್ದಂಗಿದೆ!" ಎಂದು ಬಾಗಿಲು ಹಾಕಿಕೊಂಡಳು.

ಎರಡನೆಯ ಮನೆ ತಟ್ಟಿದ. "ಅಣ್ಣ, ಬರೀ ಒರಗಿಕೊಳ್ಳೋಕೆ ಗೋಡೆ ಕೊಡಿ ಸಾಕು."

"ಗೋಡೆ ಹಿಡಿಯೋದು ಹಲ್ಲಿ. ನಮ್ಮೂರಲ್ಲಿ ಕೈ ಹಿಡೀತಾರೆ," ಎಂದ ಆ ಮನೆಯವನು. ಮನೆಯ ಹೆಂಗಸರು ಮಕ್ಕಳೆಲ್ಲ ನಕ್ಕರು.

ಉಬ್ಬಣ್ಣ ಒಂಟಿಯಾಗಿ ನಿಂತು ನೋಡಿದ. ಹೊಸ ನೆಲ. ಅವನ ಬೇರಿಗೆ ಒಗ್ಗುವ ನೆಲವಲ್ಲ. ಇದೆ ಇದೆ ಎಂದು ಹೇಳಿ ಹೇಳಿ ಕಾಲಿಗೆ ದಣಿವಾಗಿತ್ತು. ದೀಪ ಮಿಣುಕತೊಡಗಿತು. ಎಂದೂ ಇಲ್ಲದ ಭಯ ಅವನನ್ನು ಹಿಡಿಯಿತು. ಆಗ ಮೂರನೆಯ ಮನೆಯ ಮೂಲೆಯ ಮರೆಯಿಂದ ಒಂದು ದನಿ ಬಂತು.

"ಯಾರದು, ಕರುಳುಕೇರಿಯೋರಾ?"

ಉಬ್ಬಣ್ಣನ ಕಿವಿ ನೆಟ್ಟಗಾಯಿತು. "ಹೌದಣ್ಣ! ನಿಮಗೆ ಹೆಂಗೆ ಗೊತ್ತು?"

"ಆ ಕೇರಿಯೋರ ಮಾತೇ ಬೇರೆ ಬಿಡಪ್ಪ. ಆ ಕೇರಿ ಕೈ ಅಂದ್ರೆ ಕೈ. ನನ್ನ ಹತ್ರ ಆ ಕೇರಿ ಅಳತೆಯ ಕೊಂಡಿ ಇದೆ. ನಿನ್ನ ಹತ್ರಾನೂ ಇದ್ರೆ ಕೊಡು, ಪಕ್ಕದಲ್ಲೇ ಜಾಗ ಮಾಡ್ಕೊಡ್ತೀನಿ. ಇಲ್ದಿದ್ರೆ ಮುಂದಕ್ಕೆ ಹೋಗು, ನನಗೆ ಕೆಲಸ ಇದೆ."

"ಇದೆ, ಇದೆ! ಒಂದು ಚಣ ತಡಿ."

ಉಬ್ಬಣ್ಣ ಒಳಮನೆಗೆ ಓಡಿದ. ಹೊತ್ತಿಗೆ ತೆಗೆದ. ಅಂಟಿಸಿದ ಹಾಳೆಯನ್ನು ಉಗುರಿನಿಂದ ಕೆರೆದ. ಅಂಟು ಬಿಟ್ಟಿತು. ಅಕ್ಷರಗಳು ಹಾಗೇ ಇದ್ದವು. ಓದಿಕೊಂಡು ಒಂದು ಕೊಂಡಿ ಮಾಡಿದ. ಹಳೆಯದ್ದೇ, ಕರುಳುಕೇರಿಯದ್ದೇ, ಹೊಳೆಯುವ ಕೊಂಡಿ. ಅದನ್ನು ನೋಡಿ ಅವನಿಗೂ ಒಂದು ಗಳಿಗೆ ಏನೋ ಅನ್ನಿಸಿತು. ಏನೆಂದು ಅವನು ಯೋಚಿಸಲಿಲ್ಲ. ಕೈ ಚಾಚಿದ.

ಕ್ಳಿಕ್ ಎಂದಿತು.

ಮರೆಯಿಂದ ಬಿಳಿ ರುಮಾಲು ಹೊರಗೆ ಬಂತು.

"ಬಂದೆಯಾ ಉಬ್ಬಣ್ಣ?" ಎಂದ ತಳವಾರ ದ್ಯಾವಣ್ಣ. "ಎರಡು ದಿನದಿಂದ ಕೈ ಚಾಚ್ಕೊಂಡು ನಿಂತಿದ್ದೀನಿ. ತೋಳು ಮರಗಟ್ಟಿಹೋಯ್ತು ಕಣಯ್ಯ."

ಉಬ್ಬಣ್ಣ ಜಗ್ಗಿದ. ಬಿಡಲಿಲ್ಲ. ಕತ್ತರಿಗೆ ತಡಕಾಡಿದ. ದ್ಯಾವಣ್ಣ ಅದನ್ನು ಕಾಲಿನಲ್ಲಿ ಒದ್ದು ದೂರ ಮಾಡಿದ. ಕೊನೆಗೆ ಗೋಗರೆದ.

"ಬಿಡು ದ್ಯಾವಣ್ಣ, ನಿನ್ನ ದಮ್ಮಯ್ಯ. ಕೈ ಬಿಡು."

"ಬಿಡೋದು ನಿನ್ನ ಅಭ್ಯಾಸ," ಎಂದ ದ್ಯಾವಣ್ಣ. "ನಮ್ದಲ್ಲ."

ಕೈ ಬಿಡದೆಯೇ ಮೂರು ಏಟು ಕೊಟ್ಟ. ಮೊದಲ ಏಟಿಗೆ ಉಬ್ಬಣ್ಣನ ಮೈಗೋಡೆ ತೂತಾಯಿತು. ಎರಡನೆಯ ಏಟಿಗೆ ಹೊತ್ತಿಗೆ ಚಿಂದಿಯಾಯಿತು. ಮೂರನೆಯ ಏಟಿಗೆ ಸುಳ್ಳು ಹೇಳುತ್ತಿದ್ದ ಕಾಲು ಮಾತು ನಿಲ್ಲಿಸಿತು. ದೀಪ ಆರಿತು. ಯಕೃತ್ತಿನೂರಿನವರು ಕಸ ಗುಡಿಸಿ, ಅವನಿದ್ದ ಜಾಗವನ್ನು ತೊಳೆದು, ತಮ್ಮ ಕೆಲಸಕ್ಕೆ ಹೋದರು.

ದ್ಯಾವಣ್ಣ ಸುದ್ದಿ ಹೇಳಲು ಹೊಳೆ ಸುತ್ತಿಕೊಂಡು ಕರುಳುಕೇರಿಗೆ ಬಂದ. ಸಂಕವ್ವನ ಜಾಗದಲ್ಲಿ ಎಳೆಯ ಹುಡುಗಿಯೊಬ್ಬಳು ನಿಂತಿದ್ದಳು.

"ಸಂಕವ್ವ?" ಎಂದು ಕೇಳಿದ.

"ಬೆಳಿಗ್ಗೆ ಹೋದಳು," ಎಂದ ಜವರಯ್ಯ. ಅವನ ಕೂದಲು ಈಗ ನರೆತಿತ್ತು. "ಐದನೇ ದಿನ. ನಾವು ಕರೆಯೋಕೆ ಮುಂಚೇನೇ, ಎತ್ರಪ್ಪಾ ಹೊತ್ತಾಯ್ತು ಅಂದಳು. ನಾನೇ ಎತ್ತಿದೆ."

"ಉಬ್ಬಣ್ಣ ಸಿಕ್ಕ ಅಂತ ಹೇಳೋಣ ಅಂತ ಬಂದೆ."

"ಅವಳು ಹೋಗೋವಾಗ ಅದನ್ನ ಕೇಳಲೇ ಇಲ್ಲ ದ್ಯಾವಣ್ಣ. ಅವಳು ಕೇಳಿದ್ದು ಒಂದೇ. ಕೆಳಗಡೆ ಕೊಂಡಿ ಕೂತಿತಾ ಅಂತ. ಕೂತಿತು ಅವ್ವ ಅಂದೆ. ನಕ್ಕೊಂಡು ಜಾರಿದಳು."

ದ್ಯಾವಣ್ಣ ರುಮಾಲು ತೆಗೆದ. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಎಲ್ಲೂ ಬಿರುಕಿರಲಿಲ್ಲ. ರುಮಾಲು ಸುತ್ತಿಕೊಂಡು ಕಾವಲಿಗೆ ಹೋದ. ಆ ಅಳತೆಯ ಕೊಂಡಿಯನ್ನು ಅವನು ಎಂದೂ ಕಳಚಲಿಲ್ಲ. ಆ ಕೇರಿಯನ್ನು ಕಾಯುವ ತಳವಾರರು ಇಂದಿಗೂ ಅಂಥದ್ದೊಂದನ್ನು ಕೈಯಲ್ಲಿ ಇಟ್ಟುಕೊಂಡೇ ತಿರುಗುತ್ತಾರೆ.

ಮಕ್ಕಳೇ, ಉಬ್ಬಣ್ಣ ಮಾಡಿದ ಕೆಲಸಕ್ಕೆ ದೊಡ್ಡವರು ಕ್ಯಾನ್ಸರ್ ಅನ್ನುತ್ತಾರೆ. ಎಲ್ಲ ಉಬ್ಬಣ್ಣರೂ ಹೀಗೆ ಸಿಕ್ಕಿಬೀಳುವುದಿಲ್ಲ. ಕೆಲವರು ಹೊಳೆ ದಾಟಿ ಮನೆ ಕಟ್ಟಿಬಿಡುತ್ತಾರೆ. ಆಗ ಅರಸನೇ ಉಪ್ಪರಿಗೆಯಿಂದ ಇಳಿದು ವೈದ್ಯರ ಬಾಗಿಲಿಗೆ ಹೋಗಬೇಕಾಗುತ್ತದೆ. ಅದರಲ್ಲಿ ಅರಸನ ತಪ್ಪೂ ಇಲ್ಲ, ಕೇರಿಯ ತಪ್ಪೂ ಇಲ್ಲ. ಆದರೆ ಎಷ್ಟು ಉಬ್ಬಣ್ಣರು ಕೈ ಬಿಟ್ಟ ದಿನವೇ ಹೊಳೆ ಪಾಲಾದರು ಎಂಬುದನ್ನು ಬರೆದಿಟ್ಟವರಿಲ್ಲ. ನಾವು ಉಂಡು ಮಲಗುತ್ತೇವೆ. ನಮ್ಮೊಳಗೆ ಸಂಕವ್ವಂದಿರು ಎದ್ದಿರುತ್ತಾರೆ. ಅಂಥವರು ಕೋಟಿಗಟ್ಟಲೆ ಇರುವ ನಾಡು ನಿಮ್ಮದು. ತಲೆ ಎತ್ತಿ ನಡೆಯಿರಿ.

ನೀತಿ ಇಷ್ಟೆ. ಪಕ್ಕದವರ ಕೈ ಗಟ್ಟಿಯಾಗಿದೆಯಾ ಎಂದು ಕೇಳಲು ನಾಚಬೇಡಿ, ನಿಮ್ಮನ್ನು ಕೇಳಿದರೆ ಮುನಿಯಬೇಡಿ. ಕೈ ಬಿಟ್ಟು ಬೆಳೆದವನು ಊರಿಗೆ ಹುಣ್ಣು. ಕೈ ಹಿಡಿದು ನಿಂತವರೇ ಊರು.